ಡೇರಿ ಇಂಟರ್‌ನೆಟ್ಟಿಗೆ ಎರಡು ವೀಳ್ಯ

ಸೀಗೆದೊಡ್ಡಿಯ ಹಾಲಿನ ಡೇರಿಯಲ್ಲಿ ಟೆಸ್ಟರ್ ಆಗಿದ್ದ ಮರಿಯಪ್ಪನಿಗೆ 'ಆಗಲ್ಲ' ಎಂಬ ಒಂದು ಮಾತು ಬಿಟ್ಟು ಉಳಿದ ಎಲ್ಲ ಮಾತೂ ಬರುತ್ತಿತ್ತು. ಒಮ್ಮೆ ಅವನು ಏಣಿ ಹತ್ತಿ ಮನೆಯ ಹೆಂಚು ಸರಿ ಮಾಡುತ್ತಿದ್ದಾಗ ಪಕ್ಕದ ಮನೆಯ ಕೆಂಚಯ್ಯ ಬಂದು ಏಣಿ ಕೇಳಿದ. ಮರಿಯಪ್ಪ ಇಳಿದು ಬಂದು ಏಣಿ ಕೊಟ್ಟ. ಮಿಕ್ಕ ಹೆಂಚುಗಳು ಮಳೆಗಾಲ ಮುಗಿಯುವವರೆಗೆ ಹಾಗೇ ಇದ್ದವು. ಇನ್ನೊಮ್ಮೆ ಒಂದು ಬದುವಿನ ಜಗಳದಲ್ಲಿ ಎರಡು ಕಡೆಯವರೂ ಬಂದು ಸಾಕ್ಷಿ ಹೇಳಬೇಕೆಂದು ಕೇಳಿದರು. ಇಬ್ಬರಿಗೂ ಆಗಲಿ ಎಂದ. ಕೇಸು ಕೋರ್ಟಿಗೆ ಹೋಗುವ ಮೊದಲೇ ರಾಜಿಯಾದದ್ದು ಅವನ ಪುಣ್ಯ.

ಅವನ ಹೆಂಡತಿ ಬೈರಮ್ಮ ಇದನ್ನು ಊರವರ ಮುಂದೆ ಒಳ್ಳೆಯತನ ಎನ್ನುತ್ತಿದ್ದಳು. ಮನೆಯೊಳಗೆ ಬೇರೆ ಹೆಸರಿನಿಂದ ಕರೆಯುತ್ತಿದ್ದಳು.

ಡೇರಿಯ ಕೆಲಸ ಕಷ್ಟದ್ದೇನಲ್ಲ. ಬೆಳಿಗ್ಗೆ ಮತ್ತು ಸಂಜೆ ಜನ ಹಾಲು ತಂದು ಸಾಲಿನಲ್ಲಿ ನಿಲ್ಲುತ್ತಾರೆ. ಮರಿಯಪ್ಪ ಒಬ್ಬೊಬ್ಬರ ಹಾಲನ್ನೂ ಲೋಟಕ್ಕೆ ಹಾಕಿ ಅದರಲ್ಲಿ ಲ್ಯಾಕ್ಟೋಮೀಟರ್ ಬಿಡಬೇಕು. ಗಾಜಿನ ಆ ಬುರುಡೆ ತೇಲಿದರೆ ಹಾಲು ಸರಿ, ಮುಳುಗಿದರೆ ನೀರು. ಸರಿ ಇದ್ದದ್ದನ್ನು ದೊಡ್ಡ ಕ್ಯಾನಿಗೆ ಸುರಿಯಬೇಕು. ಇದರಲ್ಲಿ ಒಂದೇ ಒಂದು ತೊಡಕಿತ್ತು. ಸಂಘದ ಅಧ್ಯಕ್ಷ ಮುನಿಶಾಮಯ್ಯನವರ ಹಾಲನ್ನು ಅವನು ಪರೀಕ್ಷೆ ಮಾಡುತ್ತಿರಲಿಲ್ಲ.

ಹಾಗೆಂದು ಯಾರೂ ಹೇಳಿರಲಿಲ್ಲ. ಮುನಿಶಾಮಯ್ಯ ಅಧ್ಯಕ್ಷರಾದ ಮೊದಲ ಬೆಳಿಗ್ಗೆ ಮರಿಯಪ್ಪ ಎಲ್ಲರಂತೆ ಅವರ ಹಾಲಿಗೂ ಲ್ಯಾಕ್ಟೋಮೀಟರ್ ಎತ್ತಿದ. ಅವರು ನಕ್ಕು, "ನಂದೂ ನೋಡ್ಬೇಕೇನಪ್ಪ ಮರಿಯಪ್ಪ?" ಎಂದರು. ಮರಿಯಪ್ಪ ಅದನ್ನು ಕೆಳಗಿಟ್ಟ. ಅಂದು ಕೆಳಗಿಟ್ಟದ್ದನ್ನು ಮತ್ತೆ ಎತ್ತಲು ಸಂದರ್ಭ ಬರಲಿಲ್ಲ.

ಬಿಡದಿಯಲ್ಲಿ ಫ್ಯಾಕ್ಟರಿಗಳು ಒಂದರ ಹಿಂದೆ ಒಂದು ಎದ್ದ ಕಾಲ ಅದು. ಸೀಗೆದೊಡ್ಡಿಯ ಅರ್ಧ ಹೊಲಗಳಿಗೆ ಕಾಂಪೌಂಡ್ ಬಂದವು. ರಸ್ತೆಯುದ್ದಕ್ಕೂ ಸಾಲುಮನೆಗಳು ಎದ್ದು, ಕೆಲಸಗಾರರು ಬಾಡಿಗೆಗೆ ಬಂದರು. ಮೇವು ಬೆಳೆಯುವ ಜಾಗ ಕಡಿಮೆಯಾಗಿ ಊರಿನಲ್ಲಿ ಹಸುಗಳೂ ಕಡಿಮೆಯಾದವು. ಅಧ್ಯಕ್ಷರ ಹಾಲು ಮಾತ್ರ ಜಾಸ್ತಿಯಾಯಿತು. ಅವರ ಕೊಟ್ಟಿಗೆಯ ಗಟ್ಟಿ ಹಾಲು ಸಾಲುಮನೆಗಳಿಗೂ ಟೀ ಅಂಗಡಿಗಳಿಗೂ ಹೋಗಿ, ಉಳಿದದ್ದು ನಲ್ಲಿಯ ಸಹಾಯದಿಂದ ಡೇರಿಗೆ ಬರುತ್ತಿತ್ತು. ದೊಡ್ಡ ಕ್ಯಾನಿನ ಹಾಲು ತೆಳುವಾಗಿದೆಯೆಂದು ಮೇಲಿನ ಆಫೀಸು ಇಡೀ ಸಂಘಕ್ಕೆ ದರ ಇಳಿಸಿತು. ಒಂದೇ ಹಸು ಇಟ್ಟುಕೊಂಡಿದ್ದ ರೇವಮ್ಮ ಪ್ರತಿ ಬಟವಾಡೆಯ ದಿನವೂ ಮರಿಯಪ್ಪನ ಮುಂದೆ ನಿಂತು ಕೇಳುತ್ತಿದ್ದಳು.

"ಅಲ್ಲ ಕಣಣ್ಣ, ನನ್ನ ಹಾಲಿಗೆ ನೀನೇ ದಿನಾ ಸರಿ ಅಂತೀಯ. ದುಡ್ಡು ಮಾತ್ರ ನೀರಿನ ರೇಟಲ್ಲಿ ಬತ್ತೈತೆ. ನಡುವೆ ಎಲ್ಲಿ ಕೆಡ್ತೈತೆ ನನ್ನ ಹಾಲು?"

ಮರಿಯಪ್ಪನಿಗೆ ಎಲ್ಲಿ ಕೆಡುತ್ತದೆಂದು ಗೊತ್ತಿತ್ತು. "ನೋಡಾನ ಕಣವ್ವ," ಎನ್ನುತ್ತಿದ್ದ.

ಇಂಟರ್‌ನೆಟ್ ಬಂದದ್ದು ಈ ನಡುವೆ. ಮರಿಯಪ್ಪನ ಅಕ್ಕನ ಮಗ ಕೆಂಪರಾಜು ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ ಇಂಜಿನಿಯರ್. ಅಲ್ಲಿ ಹಳೆಯದಾಗಿ ಬಿಸಾಡಿದ ಎರಡು ಕಂಪ್ಯೂಟರುಗಳನ್ನು ಅವನೇ ಆಟೋದಲ್ಲಿ ಡೇರಿಗೆ ತಂದು ಜೋಡಿಸಿಕೊಟ್ಟ. ಹಿರಿಯ ಮಗಳು ಪ್ರತಿಮಾಳ ಗಂಡ ದಯಾನಂದ್ ರಾಮನಗರದ ಕೋರ್ಟಿನಲ್ಲಿ ಲಾಯರ್. ಸಂಘದ ಹೆಸರಿನಲ್ಲಿ ಇಂಟರ್‌ನೆಟ್ ಕೇಂದ್ರ ನಡೆಸಲು ಬೇಕಾದ ಕಾಗದಪತ್ರವನ್ನೆಲ್ಲ ಅವನು ಮಾಡಿಸಿದ. ಹೀಗಾಗಿ ಆ ಕೇಂದ್ರ ತನ್ನದೆಂದು ಇಂಜಿನಿಯರನೂ ತನ್ನದೆಂದು ಲಾಯರನೂ ತಿಳಿದಿದ್ದರು. ಡೇರಿಯ ಹಿಂಡಿ ಮೂಟೆಗಳ ಕೋಣೆಯನ್ನು ಖಾಲಿ ಮಾಡಿ ಕಂಪ್ಯೂಟರ್ ಇಟ್ಟದ್ದರಿಂದ ಅಲ್ಲಿ ಕೂತವರ ಬಟ್ಟೆಗೆಲ್ಲ ಕಡಲೆಕಾಯಿ ಹಿಂಡಿಯ ವಾಸನೆ ಬರುತ್ತಿತ್ತು. ನೋಡಿಕೊಳ್ಳುವ ಕೆಲಸ ಮರಿಯಪ್ಪನ ಕಿರಿಯ ಮಗಳು ಶ್ವೇತಳಿಗೆ ಸಿಕ್ಕಿತು. ಅವಳು ರಾಮನಗರದಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿ ಬಂದಿದ್ದಳು. ಜನ ಮಕ್ಕಳ ರಿಸಲ್ಟ್ ನೋಡಲು ಬರುತ್ತಿದ್ದರು, ಹುಡುಗರು ಫ್ಯಾಕ್ಟರಿಗಳಿಗೆ ಅರ್ಜಿ ಕಳಿಸಲು ಬರುತ್ತಿದ್ದರು. ರೇಷ್ಮೆಗೂಡಿನ ವ್ಯಾಪಾರಿ ಖಲಂದರ್ ಸೌದಿಯಲ್ಲಿದ್ದ ತಮ್ಮನಿಗೆ ಮೇಲ್ ಬರೆಸಲು ಬರುತ್ತಿದ್ದ.

ಬಿಡುವಿನಲ್ಲಿ ಶ್ವೇತ ಅಪ್ಪನಿಗೂ ಮೇಲ್ ಕಳಿಸುವುದನ್ನು ಹೇಳಿಕೊಟ್ಟಳು. "ಯಾವ ಹೆಸರು ಬೇಕಾದ್ರೂ ಇಟ್ಕಬೋದಪ್ಪ. ನಿನ್ನ ಹೆಸರೇ ಇರ್ಬೇಕು ಅಂತೇನಿಲ್ಲ," ಎಂದಳು. ಅವಳು ಹೇಳಿದ ಬೇರೆಲ್ಲ ಸಂಗತಿಗಳನ್ನೂ ಮರಿಯಪ್ಪ ಮರೆತ. ಇದೊಂದನ್ನು ಮರೆಯಲಿಲ್ಲ.

ಒಂದು ಮಧ್ಯಾಹ್ನ ಶ್ವೇತ ಕೇಂದ್ರಕ್ಕೆ ಹೊರಗಿನಿಂದ ಬೀಗ ಹಾಕಿಕೊಂಡು ಊಟಕ್ಕೆ ಹೋದಳು. ಹಾಲಿನ ಕೋಣೆಯಿಂದ ಆ ಕೋಣೆಗೆ ಒಳಬಾಗಿಲೊಂದು ಇತ್ತು. ಮರಿಯಪ್ಪ ಆ ಬಾಗಿಲಿನಿಂದ ಹೋಗಿ ಎಡಗಡೆಯ ಕಂಪ್ಯೂಟರಿನ ಮುಂದೆ ಕೂತ. ಹೆಸರು ಕೇಳಿತು. ಏನೂ ಹೊಳೆಯಲಿಲ್ಲ. ಕಿಟಕಿಯಾಚೆ ರೇವಮ್ಮನ ಸೀಮೆಹಸು ಮೆಲುಕು ಹಾಕುತ್ತಾ ನಿಂತಿತ್ತು. ಅದರ ಹೆಸರು ರಾಣಿ. ಅದನ್ನೇ ಇಟ್ಟ. ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವನ್ನು ಒಂದೊಂದೇ ಬೆರಳಿನಿಂದ ಒತ್ತಿ, ಸೀಗೆದೊಡ್ಡಿ ಸಂಘದ ಅಧ್ಯಕ್ಷರ ಹಾಲು ಟೆಸ್ಟ್ ಆಗುತ್ತಿಲ್ಲ, ದಯವಿಟ್ಟು ಬಂದು ನೋಡಿ ಎಂದು ಮೇಲಿನ ಆಫೀಸಿಗೆ ಬರೆದ. ಅಷ್ಟು ಬರೆಯುವುದರಲ್ಲಿ ಶರಟು ಬೆವರಿನಿಂದ ಒದ್ದೆಯಾಗಿತ್ತು. ಕಳಿಸಿ, ಬಾಗಿಲು ಎಳೆದುಕೊಂಡು ಬಂದು, ಕ್ಯಾನು ತೊಳೆಯಲು ಕೂತ.

ಮೇಲಿನ ಆಫೀಸಿನವರು ಬೇಗನೆ ಕ್ರಮ ಕೈಗೊಂಡರು. ಆ ಮೇಲನ್ನು ಪ್ರಿಂಟ್ ತೆಗೆದು, 'ಸದರಿ ದೂರಿನ ಬಗ್ಗೆ ಅಧ್ಯಕ್ಷರು ಖುದ್ದು ವಿಚಾರಣೆ ನಡೆಸಿ ವರದಿ ಕಳಿಸತಕ್ಕದ್ದು' ಎಂಬ ಒಕ್ಕಣೆಯೊಂದಿಗೆ ಅಧ್ಯಕ್ಷರಿಗೇ ಕಳಿಸಿದರು.

ಮುನಿಶಾಮಯ್ಯ ಡೇರಿಯ ಮುಂದೆ ಸಭೆ ಕರೆದು ಕಾಗದ ಓದಿಸಿದರು.

"ಹೆಸರು ಹಾಕ್ದೆ ಬರೆಯೋನು ಒಬ್ಬ ಗಂಡಸೇನ್ರೋ?" ಎಂದು ಗುಡುಗಿದರು.

"ರಾಣಿ ಅಂತ ಹೆಸ್ರೇ ಐತಲ್ಲ ಯಜಮಾನ್ರೆ. ಹೆಂಗ್ಸೇ ಇರ್ಬೇಕು," ಎಂದ ಕೆಂಚಯ್ಯ.

ಅಧ್ಯಕ್ಷರು ಅದನ್ನು ಕಿವಿಗೆ ಹಾಕಿಕೊಳ್ಳದೆ ಎರಡು ತೀರ್ಮಾನ ಹೇಳಿದರು. ಬರೆದವರನ್ನು ಹಿಡಿಯಬೇಕು. ಇನ್ನು ಮುಂದೆ ಯಾರೂ ಹೀಗೆ ಬರೆಯದಂತೆ ಇಂಟರ್‌ನೆಟ್ಟಿಗೆ ಕಾಯಿದೆ ಮಾಡಬೇಕು. ಆಮೇಲೆ ಮರಿಯಪ್ಪನ ಕಡೆ ತಿರುಗಿದರು. "ಕಾಯ್ದೆ ಬರೆಸೋದು, ಬರ್ದೋರನ್ನ ಹುಡುಕ್ಸೋದು, ಎರಡೂ ಜವಾಬ್ದಾರಿ ನಿಂದು ಕಣಪ್ಪ. ನಿನ್ನ ಮನೇಲೇ ಓದಿದೋರು ಅವ್ರೆ."

"ಆಗ್ಲಿ ಯಜಮಾನ್ರೆ," ಎಂದ ಮರಿಯಪ್ಪ.

ಆ ಸೀಮೆಯಲ್ಲಿ ಅಡುಗೆಯವರಿಗಾಗಲಿ ವಾಲಗದವರಿಗಾಗಲಿ ಕೆಲಸ ಒಪ್ಪಿಸುವಾಗ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ವೀಳ್ಯ ಕೊಡುತ್ತಾರೆ. ವೀಳ್ಯ ತೆಗೆದುಕೊಂಡವನು ಕೆಲಸ ಬಿಡುವಂತಿಲ್ಲ. ಕೊಟ್ಟವನು ಅದೇ ಕೆಲಸಕ್ಕೆ ಇನ್ನೊಬ್ಬನನ್ನು ಕರೆಯುವಂತಿಲ್ಲ. ಬರೆದು ಸಹಿ ಹಾಕಿದ್ದನ್ನು ಮುರಿದವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ವೀಳ್ಯ ಮುರಿದವರು ಇರಲಿಲ್ಲ.

ಭಾನುವಾರ ದಯಾನಂದ್ ಊಟಕ್ಕೆ ಬಂದ. ನಾಟಿಕೋಳಿ ಸಾರು ಮುಗಿಸಿ ಕೈ ತೊಳೆಯುತ್ತಾ, "ಮಾವ, ಕಾಯ್ದೆ ಅಂದ್ರೆ ಲಾಯರ್ ಕೆಲಸ. ನಂಗೇ ಬಿಡಿ," ಎಂದ. ಹಿರಿಯ ಅಳಿಯ, ಕೇಳದೆ ಬಂದ ಉಪಕಾರ. ಮರಿಯಪ್ಪ ತಟ್ಟೆಯಲ್ಲಿ ಎಲೆ ಅಡಿಕೆ ತೆಂಗಿನಕಾಯಿ ಇಟ್ಟು ಕೊಟ್ಟ. ಮಾರನೆಯ ದಿನ ಕೆಂಪರಾಜು ಫ್ಯಾಕ್ಟರಿಯಿಂದ ನೇರ ಬಂದು, "ಮಾವ, ಕಂಪ್ಯೂಟ್ರು ತಂದೋನು ನಾನು. ಅದ್ರ ಹೊಟ್ಟೇಲಿ ಏನೈತೆ ಅಂತ ಕರೀಕೋಟಿನೋರಿಗೆ ಏನ್ ಗೊತ್ತಾಯ್ತದೆ?" ಎಂದ. ಅಕ್ಕನ ಮಗ, ಎತ್ತಿ ಆಡಿಸಿದ ಹುಡುಗ. ಮನೆಯಲ್ಲಿ ಇನ್ನೂ ಎಲೆ ಉಳಿದಿತ್ತು.

ಬೈರಮ್ಮ ಖಾಲಿ ತಟ್ಟೆ ನೋಡಿ ಹಣೆ ಚಚ್ಚಿಕೊಂಡಳು. "ಒಂದು ಹೆಣ್ಣಿಗೆ ಎರಡು ಕಡೆ ವೀಳ್ಯ ಕೊಟ್ಟಂಗಾಯ್ತಲ್ಲ! ಯಾರನ್ನ ಬೇಡ ಅಂದ್ರೂ ಒಂದು ಮನೆ ಬಾಗ್ಲು ಮುಚ್ಕತ್ತದೆ. ಮಗಳ ಮನೆಯೋ, ಅತ್ತಿಗೆ ಮನೆಯೋ, ನೀವೇ ಹೇಳಿ."

ಮರಿಯಪ್ಪನಿಗೆ ಇನ್ನೊಂದು ಚಿಂತೆ ಇತ್ತು. ಈ ಇಬ್ಬರೂ ಹಿಡಿಯಲು ಹೊರಟಿದ್ದುದು ಅವನನ್ನೇ.

ಮುಂದಿನ ವಾರ ಇಬ್ಬರೂ ಒಟ್ಟಿಗೆ ಮನೆಯ ಜಗಲಿಯಲ್ಲಿ ಎದುರಾದರು. ಪ್ರತಿಮಾಳ ಗಂಡನನ್ನು ಕೆಂಪರಾಜು ಅಣ್ಣ ಎಂದೇ ಕರೆಯುತ್ತಿದ್ದ. ಜಗಳವಾಡುವಾಗಲೂ ಅದನ್ನು ಬಿಡಲಿಲ್ಲ.

"ನೋಡಪ್ಪ ಕೆಂಪರಾಜು," ಎಂದ ದಯಾನಂದ್, ಸಾಕ್ಷಿಕಟ್ಟೆಯ ಮುಂದೆ ನಿಂತವನಂತೆ. "ಮಾತು ಅಂದ ಮೇಲೆ ಅದಕ್ಕೊಬ್ಬ ಯಜಮಾನ ಇರಬೇಕು. ಯಾರೋ ಏನೋ ಬರೀತಾನೆ, ಇನ್ನೊಬ್ಬರ ಮಾನ ಹೋಗುತ್ತೆ. ಕೇಳೋಣ ಅಂದ್ರೆ ಆಳೇ ಇಲ್ಲ. ಹೆಸರು, ವಿಳಾಸ, ಇಬ್ಬರು ಸಾಕ್ಷಿ. ಇಷ್ಟಿದ್ರೆ ಜವಾಬ್ದಾರಿ ತಾನಾಗೇ ಬರುತ್ತೆ."

"ನೀನು ಬೋರ್ಡ್ ಹಾಕೋನು ಕಣಣ್ಣ. ಬೋರ್ಡ್ ಯಾರು ಓದ್ತಾರೆ? 'ಇಲ್ಲಿ ಮೂತ್ರ ಮಾಡಬೇಡಿ' ಅಂತ ಬರ್ದಿರೋ ಗೋಡೆನೇ ಯಾವಾಗ್ಲೂ ಒದ್ದೆ ಇರೋದು. ನಾನು ಗೇಟ್ ಹಾಕ್ತೀನಿ. ತಪ್ಪು ಮಾಡೋಕೆ ಮಿಷಿನ್ನೇ ಬಿಡಲ್ಲ. ಆಗ ಕೇಸೂ ಇಲ್ಲ, ಕೋರ್ಟೂ ಇಲ್ಲ."

"ಯಾವುದು ತಪ್ಪು ಅಂತ ನಿನ್ನ ಮಿಷಿನ್ನಿಗೆ ಹೇಳೋರು ಯಾರು?"

"ನಾನು."

"ನೀನು ಯಾರು? ನಿನಗೆ ವೋಟ್ ಹಾಕಿದ್ಯಾರು? ನನ್ನ ಕಾಯ್ದೆ ತಪ್ಪಾದ್ರೆ ಜನ ಬಂದು ಕೇಳಬಹುದು. ನಿನ್ನ ಗೇಟು ತಪ್ಪಾದ್ರೆ ಅದು ಗೇಟು ಅಂತಾನೂ ಜನಕ್ಕೆ ಗೊತ್ತಾಗಲ್ಲ. ಕಂಪ್ಯೂಟರ್ ಕೆಟ್ಟಿದೆ ಅಂದುಕೊಂಡು ಮನೆಗೆ ಹೋಗ್ತಾರೆ."

"ನಿನ್ನ ಕಾಯ್ದೆ ಕೇಳೋಕೆ ಜನ ನಿಂಗೇ ಫೀಸು ಕೊಡ್ಬೇಕಲ್ಲಣ್ಣ. ಅದ್ಕೇ ತಾನೆ ಅದು ಅರ್ಥ ಆಗ್ದಂಗೆ ಬರೆಯೋದು?"

ಎರಡು ಕಡೆಯ ಮಾತೂ ಮರಿಯಪ್ಪನಿಗೆ ಸರಿ ಎನಿಸಿತು. ಅವನಿಗೆ ಯಾವಾಗಲೂ ಹಾಗೆಯೇ ಎನಿಸುತ್ತಿತ್ತು. ಇಬ್ಬರೂ ಒಮ್ಮೆಲೇ ಅವನ ಕಡೆ ತಿರುಗಿ, "ನೀವೇನಂತೀರಿ ಮಾವ?" ಎಂದಾಗ, "ಕಾಫಿ ಕುಡೀರಿ," ಎಂದ.

ವಿಷಯ ಸಂಘಕ್ಕೆ ಹೋಯಿತು. ಎರಡು ವೀಳ್ಯ ಕೊಟ್ಟಾಗಿದೆ, ಎರಡನ್ನೂ ಉಳಿಸಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕಂಪ್ಯೂಟರುಗಳೂ ಎರಡಿದ್ದವು. ಎಡಗಡೆಯದಕ್ಕೆ ಲಾಯರ್ ಕಾಯಿದೆ, ಬಲಗಡೆಯದಕ್ಕೆ ಇಂಜಿನಿಯರ್ ಕಾಯಿದೆ ಎಂದು ತೀರ್ಮಾನವಾಯಿತು.

ಎಡಗಡೆಯದರ ಮೇಲೆ, 'ಸದರಿ ಯಂತ್ರವನ್ನು ಬಳಸಲಿಚ್ಛಿಸುವ ವ್ಯಕ್ತಿಯು' ಎಂದು ಶುರುವಾಗಿ ಎಲ್ಲೂ ನಿಲ್ಲದ ಒಂದು ವಾಕ್ಯ ಗೋಡೆಗೆ ಅಂಟಿತು. ಅದರ ಪ್ರಕಾರ ರೇಷನ್ ಕಾರ್ಡು ತರಬೇಕು, ಇಬ್ಬರು ಸಾಕ್ಷಿಗಳ ಮುಂದೆ ಕೂರಬೇಕು. ಖಲಂದರ್ ತಮ್ಮನಿಗೆ ಬರೆಸಲು ಬಂದಾಗ ಇಬ್ಬರು ಸಾಕ್ಷಿಗಳನ್ನು ಕರೆತಂದ. ಅವರು ಕರ್ತವ್ಯಪ್ರಜ್ಞೆಯಿಂದ ಪೂರ್ತಿ ಓದಿದರು. "ತಂಗಿ ಮದ್ವೆಗೆ ಅಷ್ಟು ಕಳ್ಸು ಅಂತ ಕೇಳ್ತಿದೀಯಲ್ಲ ಸಾಬ್ರೆ, ಜಾಸ್ತಿ ಆಯ್ತು," ಎಂದು ಒಬ್ಬ ಸಾಕ್ಷಿ ಹೇಳಿದ. ಇನ್ನೊಬ್ಬ ಸಾಕ್ಷಿ ಅಷ್ಟೇನೂ ಜಾಸ್ತಿಯಲ್ಲ ಎಂದ. ಮೇಲ್ ಹೋಗಲಿಲ್ಲ. ಖಲಂದರ್ ಚನ್ನಪಟ್ಟಣದ ಫೋನ್ ಬೂತಿಗೆ ಹೋಗಿ ಫೋನ್ ಮಾಡಿದ.

ಬಲಗಡೆಯದರಲ್ಲಿ ಬೋರ್ಡೇ ಇರಲಿಲ್ಲ. ಕೆಂಪರಾಜು ಒಳ್ಳೆಯದೆಂದು ಗುರುತು ಮಾಡಿದ್ದ ಕೆಲವು ಜಾಗಗಳು ಮಾತ್ರ ತೆರೆಯುತ್ತಿದ್ದವು. ಪಾಸ್‌ವರ್ಡ್ ಪ್ರತಿ ಸೋಮವಾರ ತಾನೇ ಬದಲಾಗುತ್ತಿತ್ತು. ಹೊಸದು ಯಾವುದೆಂಬುದು ಅವನಿಗೆ ಮಾತ್ರ ಗೊತ್ತು. ಪಿಯುಸಿ ರಿಸಲ್ಟ್ ಸೋಮವಾರ ಬಂತು. ಅವನು ಫ್ಯಾಕ್ಟರಿಯೊಳಗಿದ್ದ, ಫೋನನ್ನು ಗೇಟಿನಲ್ಲೇ ತೆಗೆದಿಟ್ಟಿದ್ದರು. ಹುಡುಗರು ಹಿಂಡಿಯ ವಾಸನೆಯಲ್ಲಿ ಸಂಜೆಯವರೆಗೆ ಕೂತು, ಪಾಸೋ ಫೇಲೋ ತಿಳಿಯದೆ ಎದ್ದು ಹೋದರು. ಕಂಪ್ಯೂಟರ್ ಕೆಟ್ಟಿದೆ ಎಂದು ಊರಲ್ಲಿ ಸುದ್ದಿಯಾಯಿತು.

ದಯಾನಂದ್ ಇದನ್ನು ಕೇಳಿ ಸಂತೋಷಪಟ್ಟ. ಖಲಂದರನ ಸುದ್ದಿ ಕೇಳಿ ಕೆಂಪರಾಜು ಸಂತೋಷಪಟ್ಟ. ಇಬ್ಬರ ಪ್ರಕಾರವೂ ವ್ಯವಸ್ಥೆ ಚೆನ್ನಾಗಿ ನಡೆಯುತ್ತಿತ್ತು, ಏಕೆಂದರೆ ಆಮೇಲೆ ಒಂದೂ ದೂರು ಹೋಗಿರಲಿಲ್ಲ.

ಈ ಮಧ್ಯೆ ಹುಡುಕಾಟವೂ ನಡೆದಿತ್ತು. ಇಂಜಿನಿಯರ್ ಕಂಪ್ಯೂಟರನ್ನು ಬಿಚ್ಚಿ ನೋಡಿ, ಮೇಲ್ ಹೋದದ್ದು ಎಡಗಡೆಯದರಿಂದ ಎಂದು ಕಂಡುಹಿಡಿದ. ಯಾವ ದಿನವೆಂಬುದು ಪ್ರಿಂಟಿನ ಮೇಲಿನ ತಾರೀಖಿನಿಂದ ಗೊತ್ತಿತ್ತು. ಹೊತ್ತು ಮಾತ್ರ ಗೊತ್ತಾಗಲಿಲ್ಲ, ಆ ಕಂಪ್ಯೂಟರಿನ ಗಡಿಯಾರ ತನಗಿಷ್ಟ ಬಂದಂತೆ ಓಡುತ್ತಿತ್ತು. ಲಾಯರ್ ಜನರನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಿದ. ಆ ದಿನ ಮಧ್ಯಾಹ್ನ ತಾನು ಬಂದಾಗ ಹೊರಗೆ ಬೀಗ ಇತ್ತೆಂದು ಖಲಂದರ್ ಹೇಳಿದ. ಬೆಳಿಗ್ಗೆಯಾಗಲಿ ಸಂಜೆಯಾಗಲಿ ಯಾರೂ ಬಂದಿರಲಿಲ್ಲವೆಂದು ಶ್ವೇತಳೇ ಹೇಳಿದಳು. ಒಳಬಾಗಿಲಿನ ವಿಷಯ ಬಂದಾಗ ದಯಾನಂದ್ ಮಾವನನ್ನೂ ಮರ್ಯಾದೆಯಿಂದ ಕೇಳಿದ.

"ಮಾವ, ಅವತ್ತು ನಿಮ್ಮನ್ನು ದಾಟಿಕೊಂಡು ಯಾರಾದ್ರೂ ಒಳಗೆ ಹೋದ್ರಾ?"

"ನನ್ನ ದಾಟ್ಕಂಡು ಯಾರೂ ಹೋಗ್ನಿಲ್ಲ," ಎಂದ ಮರಿಯಪ್ಪ. ಅದು ನಿಜವಾಗಿತ್ತು.

"ಒಳಬಾಗ್ಲು ಇರೋದು ಮಾವನ ಕೈಲೇ ಅಲ್ವಾ ಅಣ್ಣ?" ಎಂದ ಕೆಂಪರಾಜು.

"ಏಯ್, ಅವರನ್ನ ಬಿಡಪ್ಪ. ಅವರು ಮಾವ."

"ಅದೂ ಸರಿನೇ."

ಮೊದಲ ಸಲ ಲಾಯರನೂ ಇಂಜಿನಿಯರನೂ ಒಂದೇ ಮಾತಿಗೆ ಬಂದರು. ಬರೆದದ್ದು ಶ್ವೇತ. ಕೇಂದ್ರದಲ್ಲಿ ಆ ದಿನ ಇದ್ದವಳು ಅವಳೊಬ್ಬಳೇ. ಹೆಸರೂ ಹೆಂಗಸಿನದು. ಮನೆಯ ಹುಡುಗಿ ಎಂದು ಇಬ್ಬರಿಗೂ ಬೇಸರವಾಯಿತು. ಆದರೆ ಸತ್ಯ ಸತ್ಯವೇ ಎಂದು ಇಬ್ಬರೂ ಒಂದೇ ಬೈಕಿನಲ್ಲಿ ಹೋಗಿ ಅಧ್ಯಕ್ಷರಿಗೆ ಹೇಳಿದರು. ಶ್ವೇತಳನ್ನು ಕೆಲಸದಿಂದ ತೆಗೆಯಲು ಸಭೆ ಗೊತ್ತಾಯಿತು.

ಅಂದು ಸಂಜೆ ಹಾಲಿನ ಸಾಲು ಕರಗಿದ ಮೇಲೆ ಮರಿಯಪ್ಪ ಕ್ಯಾನು ತೊಳೆಯುತ್ತಿದ್ದ. ಶ್ವೇತ ಬಂದು ನೀರು ಹುಯ್ಯತೊಡಗಿದಳು.

"ಅಪ್ಪ, ರಾಣಿ ಅಂದ್ರೆ ರೇವಮ್ಮತ್ತೆ ಹಸ ಅಲ್ವಾ?"

ಮರಿಯಪ್ಪ ತಲೆ ಎತ್ತಲಿಲ್ಲ. "ಯಾವತ್ತು ಗೊತ್ತಾಯ್ತು?"

"ಕಾಗ್ದ ಓದಿದ ದಿನಾನೇ. ದೂರು ಬರೆದು ಕೊನೇಲಿ 'ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ' ಅಂತ ಈ ಊರಲ್ಲಿ ಇನ್ಯಾರು ಬರೀತಾರೆ?"

"ನಾನು ಹೇಳ್ಬುಡ್ತೀನಿ ಸಭೇಲಿ."

"ಬ್ಯಾಡ ಕಣಪ್ಪ. ನಂಗೆ ಬಿಡದೀಲಿ ಎಲ್ಲಾದ್ರೂ ಕೆಲ್ಸ ಸಿಕ್ತದೆ. ನಿನ್ನನ್ನ ತೆಗುದ್ರೆ ಈ ವಯಸ್ನಲ್ಲಿ ಯಾರು ಕರೀತಾರೆ? ಬರೀ ಹಾಲು ನೋಡಕ್ಕೆ ಬತ್ತದೆ ನಿಂಗೆ. ಅದೂ ಎಲ್ಲರದ್ದಲ್ಲ."

ಕೊನೆಯ ಮಾತನ್ನು ಅವಳು ಚುಚ್ಚಬೇಕೆಂದು ಹೇಳಿರಲಿಲ್ಲ. ನೀರು ಹುಯ್ಯುವುದನ್ನು ನಿಲ್ಲಿಸಿ ಅಪ್ಪನ ಮುಖ ನೋಡಿದಳು. ಮರಿಯಪ್ಪ ಕ್ಯಾನಿನೊಳಗೆ ಕೈ ಬಿಟ್ಟು ಆಗಲೇ ತೊಳೆದಿದ್ದ ಜಾಗವನ್ನು ಮತ್ತೆ ತೊಳೆಯುತ್ತಿದ್ದ.

ಸಭೆ ಸೇರಿತು. ಲಾಯರ್ ತಾನು ವಿಚಾರಿಸಿದ್ದನ್ನು ಹೇಳಿದ, ಇಂಜಿನಿಯರ್ ತಾನು ಬಿಚ್ಚಿದ್ದನ್ನು ಹೇಳಿದ. ಅಧ್ಯಕ್ಷರು ಶ್ವೇತಳ ಕಡೆ ತಿರುಗಿ, "ಏನಮ್ಮ, ಒಪ್ಕತೀಯಾ?" ಎಂದು ಕೇಳುವಷ್ಟರಲ್ಲಿ ಮರಿಯಪ್ಪ ಎದ್ದು ನಿಂತ.

"ಅವ್ಳಲ್ಲ ಯಜಮಾನ್ರೆ. ನಾನು ಬರ್ದಿದ್ದು."

ಹೆಂಗಸರ ಕಡೆಯಿಂದ ಒಬ್ಬರು ಮೂಗು ಒರೆಸಿಕೊಂಡ ಸದ್ದು ಬಂತು.

"ನೋಡ್ರಪ್ಪ, ಹೆತ್ತ ಕರುಳು ಅಂದ್ರೆ ಇದು," ಎಂದ ಕೆಂಚಯ್ಯ.

"ಅಲ್ಲ ಕಣ್ಲಾ, ನಿಜವಾಗ್ಲೂ ನಾನೇ. ಒಳಬಾಗ್ಲಿಂದ ಹೋಗಿ ಬರ್ದೆ."

"ಮಾವ," ಎಂದು ದಯಾನಂದ್ ಮೆಲ್ಲಗೆ ಹೇಳಿದ, "ಮಾಡದ ತಪ್ಪನ್ನ ಒಪ್ಪಿಕೊಳ್ಳೋದೂ ಕಾನೂನಿನಲ್ಲಿ ತಪ್ಪಾಗುತ್ತೆ. ಕೂತುಕೊಳ್ಳಿ."

"ಮಾವ, ನಿಂಗೆ ಮೊಬೈಲಲ್ಲಿ ಕಾಲ್ ಕಟ್ ಮಾಡೋಕೇ ಬರಲ್ಲ," ಎಂದ ಕೆಂಪರಾಜು.

"ಕೆಂಗಲ್ ಹನುಮಂತರಾಯನ ಆಣೆಗೂ ನಾನೇ ಕಣ್ರಪ್ಪ!"

"ಮಗಳಿಗೋಸ್ಕರ ದೇವ್ರನ್ನೂ ಬಿಡ್ನಿಲ್ವಲ್ಲ," ಎಂದಳು ರೇವಮ್ಮ, ಕಣ್ಣು ಒರೆಸಿಕೊಳ್ಳುತ್ತಾ.

ಅಧ್ಯಕ್ಷರೂ ಕರಗಿಹೋದರು. ಅವರು ಎದ್ದು ಬಂದು ಮರಿಯಪ್ಪನ ಭುಜ ಹಿಡಿದು ಕೂರಿಸಿದರು. "ಇವ್ನು ಯಾರ್ಗಾದ್ರೂ ಒಂದು ದಿನ ಎದುರು ಮಾತಾಡವ್ನಾ? ಇಂಥೋನು ನನ್ನ ಮೇಲೆ ಬರೀತಾನಾ? ಮರಿಯಪ್ಪನ ಮುಖ ನೋಡಿ ಪೊಲೀಸ್ ಕಂಪ್ಲೇಂಟ್ ಬ್ಯಾಡ. ಹುಡ್ಗಿ ಈ ತಿಂಗ್ಳು ಮುಗಿದ ಮೇಲೆ ಬರಾದು ಬ್ಯಾಡ." ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮರಿಯಪ್ಪನಿಗೆ ಎಂದು ಕಾಣುತ್ತದೆ. ಕೆಲವರು ಹೋಗುವಾಗ ಅವನ ಕಾಲು ಮುಟ್ಟಿದರು.

ಮನೆಯಲ್ಲಿ ಬೈರಮ್ಮ ಅನ್ನ ಬಡಿಸಿ, ಗಂಡನ ಮುಖ ನೋಡಿದಳು. "ನೀವೇ ಅಲ್ವಾ?" ಎಂದಳು.

"ಹೂಂ."

"ಮದ್ವೆಯಾದಾಗಿಂದ ಒಂದು ನಿಜ ಎದ್ದು ನಿಂತು ಹೇಳಿದ್ರಿ. ಅದ್ನೂ ಯಾರೂ ನಂಬ್ನಿಲ್ಲ," ಎಂದು ಸಾರು ಹಾಕಿದಳು.

ಮಾರನೆಯ ಬೆಳಿಗ್ಗೆ ಎಂದಿನಂತೆ ಸಾಲು ನಿಂತಿತ್ತು. ಮರಿಯಪ್ಪ ರೇವಮ್ಮನ ಹಾಲು ನೋಡಿದ, ಸರಿ ಇತ್ತು. ಕೆಂಚಯ್ಯನದೂ ಆಯಿತು. ಆಮೇಲೆ ಮುನಿಶಾಮಯ್ಯ, ಹಿಂದೆ ಅವರ ಆಳು ಕ್ಯಾನು ಹೊತ್ತು ಬಂದ. ಹಿಂದಿನ ದಿನದ ಕನಿಕರ ಇನ್ನೂ ಅವರ ಮುಖದಲ್ಲಿತ್ತು. ಆಳು ಎಂದಿನಂತೆ ನೇರವಾಗಿ ದೊಡ್ಡ ಕ್ಯಾನಿನ ಕಡೆ ಹೋದ.

ಮರಿಯಪ್ಪ ಅಡ್ಡ ಕೈ ಇಟ್ಟು, ಲೋಟ ಮುಂದೆ ಹಿಡಿದ.

ಆಳಿಗೆ ಅರ್ಥವಾಗಲಿಲ್ಲ. ನೀರು ಕೇಳುತ್ತಿದ್ದಾನೆ ಎಂದುಕೊಂಡು ಅತ್ತಿತ್ತ ನೋಡಿದ. ಮರಿಯಪ್ಪ ತಾನೇ ಕ್ಯಾನಿನಿಂದ ಹಾಲು ಬಗ್ಗಿಸಿಕೊಂಡು ಲ್ಯಾಕ್ಟೋಮೀಟರ್ ಬಿಟ್ಟ. ಅದು ಒಂದೆರಡು ಸಲ ಲೋಟದ ಅಂಚಿಗೆ ಟಣಟಣ ಬಡಿಯಿತು. ಆಮೇಲೆ ಸೀದಾ ಮುಳುಗಿತು.

"ನಂದೂ ನೋಡ್ಬೇಕೇನಪ್ಪ ಮರಿಯಪ್ಪ?" ಎಂದರು ಅಧ್ಯಕ್ಷರು. ಈ ಸಲ ನಗಲಿಲ್ಲ.

ಮರಿಯಪ್ಪ ಲೋಟವನ್ನು ಅವರಿಗೆ ಕಾಣುವಂತೆ ಮುಂದಿಟ್ಟ. ಸಾಲಿನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿದರು.

"ಆಗಲ್ಲ," ಎಂದ ಕೊನೆಗೆ. ಇನ್ನೂ ಏನಾದರೂ ಸೇರಿಸಬೇಕು ಎನಿಸಿರಬೇಕು. "ಈ ಹಾಲು ಆಗಲ್ಲ ಯಜಮಾನ್ರೆ. ತೊಂದರೆ ಕೊಟ್ಟಿದ್ಕೆ ಕ್ಷಮಿಸಿ."

ಅಧ್ಯಕ್ಷರ ಕಣ್ಣು ನಿಧಾನವಾಗಿ ದೊಡ್ಡದಾಯಿತು. ಆ ಕಾಗದವನ್ನು ಅವರಷ್ಟು ಸಲ ಓದಿದವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ.

"ಲೇ! ಹಂಗಾದ್ರೆ ಅದ್ನ ಬರ್ದೋನು ನೀನೇ ಏನ್ಲಾ?"

"ನಾನೇ ಅಂತ ನಿನ್ನೆ ಅಷ್ಟು ಸಲ ಹೇಳುದ್ನಲ್ಲ ಯಜಮಾನ್ರೆ."

ಮುನಿಶಾಮಯ್ಯ ಸಾಲಿನ ಕಡೆ ನೋಡಿದರು. ತಮ್ಮ ಪರವಾಗಿ ಯಾರಾದರೂ ಮಾತಾಡುತ್ತಾರೆ ಎಂದುಕೊಂಡಿದ್ದರೇನೋ. ಸಾಲಿನ ಹಿಂದುಗಡೆಯಿಂದ ಒಂದಿಬ್ಬರು ಆಗಲೇ ತಮ್ಮ ತಮ್ಮ ಕ್ಯಾನು ಎತ್ತಿಕೊಂಡು ಮನೆಯ ಕಡೆ ಹೊರಟಿದ್ದರು. ಅಧ್ಯಕ್ಷರ ಹಾಲಿಗೇ 'ಆಗಲ್ಲ' ಎಂದವನು ಇನ್ನು ತಮ್ಮ ಹಾಲಿನ ಒಂದು ಲೋಟ ನೀರನ್ನೂ ಬಿಡುವುದಿಲ್ಲ ಎಂದು ಅವರಿಗೆ ಹೊಳೆದಿತ್ತು. ರೇವಮ್ಮ ಮಾತ್ರ ಹೋಗದೆ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು.

"ಇಲ್ಲಿ ಕೆಡ್ತಿತ್ತಾ ನನ್ನ ಹಾಲು!" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

ಶ್ವೇತಳನ್ನು ತೆಗೆಯುವ ತೀರ್ಮಾನ ತಾನಾಗಿಯೇ ಬಿದ್ದುಹೋಯಿತು. ಬರೆಯದವಳನ್ನು ಬರೆದಳೆಂದು ತೆಗೆಯಲು ಬರುವುದಿಲ್ಲ ಎಂದು ದಯಾನಂದನೇ ಹೇಳಬೇಕಾಯಿತು. ಅದನ್ನು ಹೇಳುವಾಗ ಅವನು ಮಾವನ ಮುಖ ನೋಡಲಿಲ್ಲ. ಕೆಂಪರಾಜು ಒಳಬಾಗಿಲಿಗೆ ಬೀಗ ಹಾಕಿಸುವ 'ಹೊಸ ಯೋಜನೆ'ಯೊಂದನ್ನು ಹೇಳಿ, ಯಾರೂ ಕೇಳದ್ದರಿಂದ ನಿಲ್ಲಿಸಿದ.

ಮುಂದಿನ ಸಭೆಯಲ್ಲಿ, ಹಾಗಾದರೆ ಇಂಟರ್‌ನೆಟ್ಟಿನ ಕಾಯಿದೆಯನ್ನು ಇನ್ನು ಲಾಯರ್ ಮಾಡಬೇಕೋ ಇಂಜಿನಿಯರ್ ಮಾಡಬೇಕೋ ಎಂಬ ಪ್ರಶ್ನೆ ಮತ್ತೆ ಬಂತು. ರೇವಮ್ಮ ಎದ್ದು, ಬರೆಯುವವರು ಯಾರಾದರೂ ಬರೆಯಲಿ, ಆದರೆ ಹಾಲಿನ ಸಾಲಿನ ಮುಂದೆ ನಿಂತು ಓದಲಿ, ಬೇಡವಾದದ್ದನ್ನು ಜನ ಬೇಡ ಎನ್ನಲಿ ಎಂದಳು. ಹಾಗೆಯೇ ಮಾಡಿದರು. ಲಾಯರನ ಉದ್ದ ವಾಕ್ಯ ಓದಿ ಮುಗಿಸುವಷ್ಟರಲ್ಲಿ ಹಾಲಿನ ಗಾಡಿ ಬಂದುಬಿಟ್ಟಿತು. ಮಾರನೆಯ ದಿನ ಅದನ್ನು ಸಣ್ಣದು ಮಾಡಿಕೊಂಡು ಬಂದ. ಇನ್ನೊಬ್ಬರ ಮಾನ ಕಳೆಯುವಂತೆ ಸುಳ್ಳು ಬರೆದವರು ಸಂಘಕ್ಕೆ ಉತ್ತರ ಕೊಡಬೇಕು ಎಂಬುದು ಉಳಿಯಿತು. ಸಾಕ್ಷಿಗಳು ಹೋದರು. ಇಂಜಿನಿಯರನ ಪಾಸ್‌ವರ್ಡ್ ಉಳಿಯಿತು, ಆದರೆ ಅದು ಶ್ವೇತಳ ಕೈಗೆ ಬಂತು. ಹೆಸರಿಲ್ಲದೆ ಬರೆಯಬಹುದೋ ಬಾರದೋ ಎಂಬುದರ ಮೇಲೆ ಜೋರು ಮಾತಾಯಿತು. ಕೊನೆಗೆ ಖಲಂದರ್, "ಎಲ್ರೂ ಹೆದರ್ದೆ ಹೆಸರು ಹಾಕಿ ಬರೆಯೋ ಹಂಗಿದ್ರೆ ಯಾರ್ಗೂ ಬರೆಯೋ ಅವಶ್ಯಕತೇನೇ ಇರ್ತಿರ್ಲಿಲ್ಲ," ಎಂದ. ಅದನ್ನು ಬರೆದಿಡಲು ಲಾಯರನಿಗೂ ಇಂಜಿನಿಯರನಿಗೂ ಸರಿಯಾದ ಭಾಷೆ ಸಿಗದೆ, ಬಿಟ್ಟರು. ಬಿಟ್ಟದ್ದರಿಂದ ಅದಕ್ಕೆ ಅಡ್ಡಿಯೂ ಇಲ್ಲದಂತಾಯಿತು.

ಅಧ್ಯಕ್ಷರು ಮರಿಯಪ್ಪನನ್ನು ತೆಗೆಯಲೇಬೇಕು ಎಂದು ಹಟ ಹಿಡಿದರು. ಅಧ್ಯಕ್ಷರನ್ನು ಕೇಳದೆ ದೂರು ಕಳಿಸಿದ್ದು ಶಿಸ್ತಿನ ತಪ್ಪು ಎಂದು ನೋಟಿಸ್ ಕೊಟ್ಟರು. ಟೆಸ್ಟರ್ ಬೇಕಾಗಿದ್ದಾರೆ ಎಂದು ಡೇರಿಯ ಗೋಡೆಗೆ ಚೀಟಿಯನ್ನೂ ಅಂಟಿಸಿದರು. ಊರಿನಲ್ಲಿ ಕೆಲಸವಿಲ್ಲದವರು ಕಡಿಮೆಯೇನಿರಲಿಲ್ಲ. ಬಂದು ಚೀಟಿ ಓದುತ್ತಿದ್ದರು. ಒಳಗೆ ಕತ್ತು ಹಾಕಿ, ಮರಿಯಪ್ಪ ಅಧ್ಯಕ್ಷರ ಹಾಲಿಗೆ ಲ್ಯಾಕ್ಟೋಮೀಟರ್ ಬಿಡುವುದನ್ನೂ ಅಧ್ಯಕ್ಷರು ಅವನನ್ನು ನೋಡುವ ನೋಟವನ್ನೂ ನೋಡುತ್ತಿದ್ದರು. ನೋಡಿಕೊಂಡು ಬಿಡದಿಯ ಕಡೆ ಹೋಗುವ ಬಸ್ಸು ಹತ್ತುತ್ತಿದ್ದರು.

ಆ ಕೆಲಸಕ್ಕೆ ಯಾರೂ ಅರ್ಜಿ ಹಾಕಲಿಲ್ಲ. ಮರಿಯಪ್ಪ ಮುಂದುವರಿದ.